ಕಂಪ್ಯೂಟರ್‌ನ ರೆಕಾರ್ಡರ್‌ನಲ್ಲಿ ನನ್ನ ದನಿ ಚೆನ್ನಾಗಿ ಬರುತ್ತದೆ, ಗೆಳೆಯರ ಜೊತೆ ಮಾತಾಡುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತ್ರ ಯಾರಿಗೂ ಕೇಳಿಸಲ್ಲ. ಯಾಕೆ?
ರೆಕಾರ್ಡರ್‌ನಲ್ಲಿ ದನಿ ಬರುತ್ತಿದೆ ಅಂದ್ರೆ ಮೈಕ್ ಕೆಟ್ಟಿಲ್ಲ. ಡಿಸ್ಕಾರ್ಡ್ ಬೇರೆ ಯಾವುದೋ ಮೈಕ್‌ಗೆ ಕಿವಿ ಕೊಟ್ಟು ಕೂತಿರಬಹುದು. ವೆಬ್‌ಕ್ಯಾಮ್ ಒಳಗೂ ಒಂದು ಪುಟ್ಟ ಮೈಕ್ ಇರುತ್ತದೆ ಅಲ್ವಾ, ಅದನ್ನೇ ಹಿಡಿದುಕೊಂಡಿರುತ್ತದೆ. ದೂರದಿಂದ ಸಣ್ಣಗೆ ಬೀಳುವ ಮಾತನ್ನು ಗದ್ದಲ ಅಂದುಕೊಂಡು ಕತ್ತರಿಸಿಬಿಡುತ್ತದೆ.

ಕೋಲಾರದಲ್ಲಿ ನಮ್ಮ ಅಕ್ಕನ ಮಗನಿಗೂ ಹೀಗೇ ಆಗಿತ್ತು. ಹೆಡ್‌ಸೆಟ್ ಮೈಕನ್ನು ಉಗುರಿನಿಂದ ತಟ್ಟಿದೆ, ಡಿಸ್ಕಾರ್ಡ್‌ನ ಮೈಕ್ ಟೆಸ್ಟ್‌ನಲ್ಲಿ ದನಿಯ ಮಟ್ಟ ತೋರಿಸುವ ಪಟ್ಟಿ ಅಲುಗಲಿಲ್ಲ. ವೆಬ್‌ಕ್ಯಾಮ್ ತಟ್ಟಿದೆ, ಛಂಗನೆ ಹಾರಿತು!

ಡಿಸ್ಕಾರ್ಡ್ ಸೆಟ್ಟಿಂಗ್ಸ್‌ನ ‘ವಾಯ್ಸ್ ಆ್ಯಂಡ್ ವಿಡಿಯೋ’ದಲ್ಲಿ ಇನ್‌ಪುಟ್ ಡಿವೈಸ್ ‘ಡಿಫಾಲ್ಟ್’ ಇದ್ದರೆ ಬದಲಿಸಿ, ನಿಮ್ಮ ಹೆಡ್‌ಸೆಟ್ ಹೆಸರನ್ನೇ ಆರಿಸಿ. ಆಗಲೂ ಮೌನವೇ? ವಿಂಡೋಸ್ 11ರ ಪ್ರೈವಸಿ ಸೆಟ್ಟಿಂಗ್ಸ್‌ಗೆ ಹೋಗಿ, ಮೈಕ್ರೊಫೋನ್ ಬಳಸಲು ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಇದೆಯಾ ನೋಡಿ. ಇವೆರಡನ್ನೂ ನೋಡದೆ ಸುಮ್ನೆ ಹೊಸ ಹೆಡ್‌ಸೆಟ್ ಕೊಳ್ಳಬೇಡಿ.