ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಗಾಗ್‌ನ ಭಾನುವಾರದ ಪಾಠ

ಪ್ರಶ್ನೆ: ನಾವು ಒಂಬತ್ತು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಎಂಟು ವರ್ಷದ ಮಗಳನ್ನು ಪ್ರತಿ ಭಾನುವಾರ ಕನ್ನಡ ತರಗತಿಗೆ ಕರೆದೊಯ್ಯುತ್ತೇನೆ. ಅದೇ ಹೊತ್ತಿಗೆ ಪಕ್ಕದ ಮನೆಯ ಯೆಹೂದಿ ಹುಡುಗಿ ಅವರ ಸಿನಗಾಗ್‌ನ, ಅಂದರೆ ಪ್ರಾರ್ಥನಾ ಮಂದಿರದ, ಧಾರ್ಮಿಕ ಶಾಲೆಗೆ ಹೋಗುತ್ತಾಳೆ. ಇಬ್ಬರದೂ ಒಂದೇ ವಯಸ್ಸು. ಆಕೆ ಹೀಬ್ರೂ ಪ್ರಾರ್ಥನೆಗಳನ್ನು ಪುಸ್ತಕ ನೋಡಿ ಸರಾಗವಾಗಿ ಓದುತ್ತಾಳೆ. ನನ್ನ ಮಗಳು ಇನ್ನೂ ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತಾಳೆ. ಆದರೆ ಓದಿದ್ದರ ಅರ್ಥ ಕೇಳಿದರೆ ಆ ಹುಡುಗಿ ಸುಮ್ಮನೆ ನಗುತ್ತಾಳೆ. ವಾರಕ್ಕೆ ಎರಡೂವರೆ ಗಂಟೆಯಲ್ಲಿ ಅವರು ಏನನ್ನು, ಹೇಗೆ ಕಲಿಸುತ್ತಾರೆ? ನಮ್ಮ ತರಗತಿಗೆ ಅದರಿಂದ ಏನಾದರೂ ಸಿಗಬಹುದೇ?
(ಹೆಸರು ಬೇಡವೆಂದಿರುವ ಓದುಗರು, ನ್ಯೂಜೆರ್ಸಿ)

ಉತ್ತರ: ಮೊದಲಿಗೆ, ಇಬ್ಬರು ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಿಡಿ. ನಿಮ್ಮ ಮಗಳು ಮನೆಯಲ್ಲಿ ಆಡುವ ಮಾತನ್ನು ಬರಹದಲ್ಲಿ ಗುರುತಿಸಲು ಕಲಿಯುತ್ತಿದ್ದಾಳೆ. ಆ ಹುಡುಗಿ ಮನೆಯಲ್ಲಿ ಯಾರೂ ಆಡದ ಭಾಷೆಯ ಬರಹಕ್ಕೆ ದನಿ ಕೊಡಲು ಕಲಿಯುತ್ತಿದ್ದಾಳೆ. ಅಮೆರಿಕದ ಬಹುಪಾಲು ಸಿನಗಾಗ್ ಶಾಲೆಗಳ ಗುರಿ ಹೀಬ್ರೂ ಮಾತನಾಡಿಸುವುದಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮಗು ಪುಸ್ತಕ ಹಿಡಿದು ದೊಡ್ಡವರ ಜೊತೆ ದನಿಗೂಡಿಸುವಂತೆ ಮಾಡುವುದು. ಹದಿಮೂರನೆಯ ವಯಸ್ಸಿಗೆ ಆ ಮಗು ಧರ್ಮದ ಮಟ್ಟಿಗೆ ದೊಡ್ಡವರ ಸಾಲಿಗೆ ಸೇರುವ ಬಾರ್ ಮಿಟ್ಜ್ವಾ (ಹುಡುಗಿಯಾದರೆ ಬಾತ್ ಮಿಟ್ಜ್ವಾ) ದಿನ ಸಭೆಯ ಮುಂದೆ ನಿಂತು ತೋರಾ ಎಂಬ ಧರ್ಮಗ್ರಂಥದ ಸುರುಳಿಯಿಂದ ಓದಬೇಕು. ಇಡೀ ಪಾಠಕ್ರಮ ಆ ಒಂದು ಬೆಳಗಿನ ಕಡೆಗೆ ಮುಖ ಮಾಡಿಕೊಂಡಿರುತ್ತದೆ.

ಲಿಪಿಯ ಮಟ್ಟಿಗೆ ಅವರ ಕೆಲಸ ನಮ್ಮದಕ್ಕಿಂತ ಹಗುರವೆಂದೇ ಹೇಳಬೇಕು. ಹೀಬ್ರೂವಿನಲ್ಲಿ ಇಪ್ಪತ್ತೆರಡು ಅಕ್ಷರಗಳಿವೆ, ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬಂದಾಗ ಬೇರೆ ಆಕಾರವಿದೆ, ಒತ್ತಕ್ಷರವೆಂಬುದಿಲ್ಲ. ಬಲದಿಂದ ಎಡಕ್ಕೆ ಓದುವುದು ದೊಡ್ಡವರಿಗೆ ವಿಚಿತ್ರವಾಗಿ ಕಂಡರೂ ಆರು ವರ್ಷದ ಮಗುವಿಗೆ ಅದೊಂದು ಆಟ. ಎಲ್ಲ ಅಕ್ಷರಗಳೂ ವ್ಯಂಜನಗಳೇ ಆದ್ದರಿಂದ ಸ್ವರಗಳಿಗೆ ‘ನಿಕ್ಕೂದ್’ ಎಂಬ ಚುಕ್ಕೆ-ಗೆರೆಗಳ ಏರ್ಪಾಡಿದೆ: ಅಕ್ಷರದ ಕೆಳಗೆ ಒಂದು ಚುಕ್ಕೆ ಬಂದರೆ ‘ಇ’, ಮೂರು ಚುಕ್ಕೆ ಬಂದರೆ ‘ಎ’, ಅಡ್ಡಗೆರೆ ಬಂದರೆ ‘ಅ’, ಮೇಲೊಂದು ಚುಕ್ಕೆ ಬಂದರೆ ‘ಒ’. ನಮ್ಮ ಗುಡಿಸು, ಕೊಂಬು, ಏತ್ವ, ಓತ್ವಗಳಿಗೆ ಇವು ಸಮ. ಮಕ್ಕಳು ಬಾ, ಬೇ, ಬಿ, ಬೋ, ಬೂ ಎಂದು ರಾಗವಾಗಿ ಹೇಳುವುದನ್ನು ಬಾಗಿಲಾಚೆ ನಿಂತು ಕೇಳಿದರೆ ನಮ್ಮೂರ ಕಾಗುಣಿತದ ತರಗತಿಯೇ ನೆನಪಾಗುತ್ತದೆ. ಅವರ ನಿಜವಾದ ಕಷ್ಟ ಬರುವುದು ಆಮೇಲೆ, ಏಕೆಂದರೆ ತೋರಾ ಸುರುಳಿಯಲ್ಲಿ ಈ ಚುಕ್ಕೆ-ಗೆರೆಗಳಲ್ಲಿ ಒಂದೂ ಇರುವುದಿಲ್ಲ. ತಲಕಟ್ಟು, ಇಳಿ, ಕೊಂಬುಗಳನ್ನೆಲ್ಲ ಅಳಿಸಿಬಿಟ್ಟ ಕನ್ನಡದ ಪುಟವೊಂದನ್ನು ಊಹಿಸಿಕೊಂಡರೆ ಹದಿಮೂರರ ಮಗುವಿನ ಪಾಡು ನಿಮಗೆ ಅರ್ಥವಾದೀತು.

ನಾನು ಅಮೆರಿಕದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದ ಕಾಲದಲ್ಲಿ, ಪರಿಚಯದ ಶಿಕ್ಷಕಿಯೊಬ್ಬರ ಅನುಮತಿ ಪಡೆದು ಇಂಥದೊಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೆಲವು ವಾರ ಕುಳಿತಿದ್ದೆ. ಒಂದು ದಿನ ಹುಡುಗನೊಬ್ಬ ‘ಶೆಮಾ’ ಪ್ರಾರ್ಥನೆಯ ಮೊದಲ ಸಾಲನ್ನು ಓದುತ್ತಿದ್ದ. ಇಸ್ರಾಯೇಲರೇ ಕೇಳಿರಿ, ನಮ್ಮ ದೇವರು ಒಬ್ಬನೇ ಎಂಬ ಸಾಲು ಅದು. ಯೆಹೂದಿ ಮಗು ಮೊದಲು ಕಲಿಯುವ ಪ್ರಾರ್ಥನೆಯೂ ಸಾಮಾನ್ಯವಾಗಿ ಅದೇ. ಅದರ ಕೊನೆಯ ಪದ ‘ಎಖಾದ್’, ಅಂದರೆ ಒಂದು. ಅದರ ಕೊನೆಯಲ್ಲಿರುವ ದಾಲೆತ್ ಎಂಬ ಅಕ್ಷರಕ್ಕೆ ಬಲಮೂಲೆಯಲ್ಲಿ ಚೂಪಾದ ಕೋನವಿದೆ; ಆ ಮೂಲೆ ದುಂಡಾದರೆ ಅದು ರೇಶ್ ಆಗುತ್ತದೆ. ಹುಡುಗ ದಾಲೆತ್ತನ್ನು ರೇಶ್ ಎಂದು ಓದಿದ. ‘ಒಬ್ಬನೇ’ ಎನ್ನುವ ಕಡೆ ‘ಬೇರೊಬ್ಬ’ ಎಂದಂತಾಯಿತು. ಶಿಕ್ಷಕಿ ತಪ್ಪೆನ್ನಲಿಲ್ಲ. ಅವನ ಕೈಗೆ ಜೇಡಿಮಣ್ಣಿನ ಉಂಡೆ ಕೊಟ್ಟು ಎರಡೂ ಅಕ್ಷರಗಳನ್ನು ಮಾಡಿಸಿದರು. ಹೆಬ್ಬೆರಳಿನಿಂದ ಮೂಲೆಯನ್ನು ಒಮ್ಮೆ ಚೂಪು ಮಾಡಿಸಿ, ಇನ್ನೊಮ್ಮೆ ಸವರಿಸಿದರು. ಆಮೇಲೆ ತೋರಾ ಸುರುಳಿಯ ಚಿತ್ರವೊಂದನ್ನು ತೋರಿಸಿದರು. ಅದರಲ್ಲಿ ಈ ಸಾಲಿನ ದಾಲೆತ್ ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿತ್ತು. ಲಿಪಿಕಾರರು ಅದನ್ನು ತಲೆಮಾರುಗಳಿಂದ ಹಾಗೆಯೇ ದೊಡ್ಡದಾಗಿ ಬರೆಯುತ್ತ ಬಂದಿದ್ದಾರೆ; ಯಾರೂ ಅದನ್ನು ರೇಶ್ ಎಂದು ತಪ್ಪಾಗಿ ಓದದಿರಲಿ ಎಂಬುದು ಅದಕ್ಕೆ ಪರಂಪರೆ ಕೊಡುವ ಒಂದು ಕಾರಣ. ತನ್ನ ತಪ್ಪು ಹಿಂದೆ ದೊಡ್ಡವರೂ ಅಂಜಿದ್ದ ತಪ್ಪು ಎಂದು ತಿಳಿದಾಗ ಆ ಹುಡುಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅರ್ಥ ತಿಳಿಯದೆ ಓದುವುದರ ಬಗ್ಗೆ ನಿಮಗಿರುವ ಅಸಮಾಧಾನ ಆ ಸಮುದಾಯದ ಶಿಕ್ಷಕರಿಗೂ ಇದೆ. ಹೀಗಾಗಿ ಈಚೆಗೆ ಹಲವು ಶಾಲೆಗಳು ಸಣ್ಣ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಮಾತನ್ನು ಕಿವಿಗೆ ಹಾಕುತ್ತಿವೆ: ಏಳು, ಕೂರು, ನಡೆ, ಬಾಗಿಲು ಮುಟ್ಟು ಎಂದು ಹೀಬ್ರೂವಿನಲ್ಲೇ ಹೇಳಿ ಮಕ್ಕಳಿಂದ ಮಾಡಿಸುತ್ತವೆ. ಇನ್ನು ಕೆಲವರು ಪದದ ಬೇರನ್ನು ತೋರಿಸುತ್ತಾರೆ. ನಮ್ಮಲ್ಲಿ ಸಂಸ್ಕೃತ ಪದಗಳಿಗೆ ಧಾತು ಇದ್ದಂತೆ ಹೀಬ್ರೂ ಪದಗಳಿಗೆ ಹೆಚ್ಚಾಗಿ ಮೂರು ವ್ಯಂಜನಗಳ ಬೇರಿರುತ್ತದೆ. ಕದೋಶ್ ಎಂದರೆ ಪವಿತ್ರ; ಕಿದ್ದುಶ್ ದ್ರಾಕ್ಷಾರಸದ ಮೇಲೆ ಹೇಳುವ ಪ್ರಾರ್ಥನೆ; ಕದ್ದೀಶ್ ತೀರಿಕೊಂಡವರನ್ನು ನೆನೆದು ಹೇಳುವಂಥದು. ಮೂರರಲ್ಲೂ ಅದೇ ಮೂರು ಅಕ್ಷರಗಳನ್ನು ಬಣ್ಣದ ಪೆನ್ಸಿಲ್ಲಿನಿಂದ ಸುತ್ತುಹಾಕಿದ ಮಗು ನಾಲ್ಕನೆಯ ಪದ ಕಂಡಾಗ ತಾನೇ ಊಹಿಸುತ್ತದೆ.

ಈ ಭಾನುವಾರದ ಪದ್ಧತಿ ಇಂದಿನದಲ್ಲ. ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಜ್ ಎಂಬ ಮಹಿಳೆ 1838ರಲ್ಲಿ ಮೊದಲ ಹೀಬ್ರೂ ಭಾನುವಾರ ಶಾಲೆಯನ್ನು ತೆರೆದರು. ಕ್ರೈಸ್ತರ ಭಾನುವಾರ ಶಾಲೆಯೇ ಅದಕ್ಕೆ ಮಾದರಿಯಾಗಿತ್ತು, ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಕಲಿಸುವವರು ಮಹಿಳೆಯರಾಗಿದ್ದರು. ತಮ್ಮದೇ ಪಠ್ಯಪುಸ್ತಕಗಳಿಲ್ಲದ ಆರಂಭದ ದಿನಗಳಲ್ಲಿ ಅವರು ಕ್ರೈಸ್ತ ಪುಸ್ತಕಗಳನ್ನೇ ತಂದು, ತಮಗೆ ಒಪ್ಪದ ಉತ್ತರಗಳ ಮೇಲೆ ಕಾಗದದ ಚೂರು ಅಂಟಿಸಿ ಮಕ್ಕಳಿಗೆ ಕೊಡುತ್ತಿದ್ದರಂತೆ. ಪರದೇಶದಲ್ಲಿ ಪುಸ್ತಕವಿಲ್ಲದೆ ತರಗತಿ ಆರಂಭಿಸಿದ ಕನ್ನಡದ ತಾಯಂದಿರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ನೀವು ಅವರಿಂದ ಪಡೆಯಬಹುದಾದದ್ದು ಸರಾಗ ಓದನ್ನಲ್ಲ, ಅವಸರ ಪಡಿಸಿದರೆ ನಮ್ಮ ಮಕ್ಕಳೂ ಅರ್ಥ ಬಿಟ್ಟು ಓದುತ್ತಾರೆ. ಪಡೆಯಬೇಕಾದದ್ದು ಓದಿಗೊಂದು ಸಂದರ್ಭವಿರಬೇಕೆಂಬ ತಿಳಿವನ್ನು. ಅವರ ಮಗುವಿಗೆ ಕಲಿತದ್ದನ್ನು ಹೇಳಲು ವಾರದ ವಿಶ್ರಾಂತಿ ದಿನವನ್ನು ಬರಮಾಡಿಕೊಳ್ಳುವ ಶುಕ್ರವಾರ ಸಂಜೆಯ ದೀಪವಿದೆ, ಹಬ್ಬದ ಊಟದ ಮೇಜಿದೆ. ನಮ್ಮ ಮಕ್ಕಳು ವರ್ಷವಿಡೀ ಓದಿ ರಾಜ್ಯೋತ್ಸವದ ದಿನ ವೇದಿಕೆ ಹತ್ತುವುದನ್ನು ಬಿಟ್ಟರೆ ಕನ್ನಡದ ಓದು ಬೇಕಾಗುವ ಗಳಿಗೆಯೇ ಮನೆಯಲ್ಲಿ ಬರುವುದಿಲ್ಲ. ವಾರಕ್ಕೊಮ್ಮೆ ಅಜ್ಜಿಯ ಕೈಬರಹದ ನಾಲ್ಕು ಸಾಲನ್ನು ಮಗಳೇ ಓದಿ ಹೇಳಬೇಕಾದ ಪ್ರಸಂಗವನ್ನು ಸೃಷ್ಟಿಸಿ. ಒತ್ತಕ್ಷರ ತಾನಾಗಿ ಹಿಡಿತಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಮಗಳು ಬಾಸ್ಟನ್ನಿನಲ್ಲಿ ಯೆಹೂದಿ ಹುಡುಗನನ್ನು ಮದುವೆಯಾಗಿದ್ದಾಳೆ. ಆರು ವರ್ಷದ ಮೊಮ್ಮಗ ಈ ಸಲ ಸಿನಗಾಗ್ ಶಾಲೆಗೆ ಸೇರಿದ್ದಾನೆ. ವಿಡಿಯೊ ಕರೆಯಲ್ಲಿ ಅವನು ಪ್ರತಿ ವಾರ ಒಂದೊಂದು ಹಬ್ಬದ ಹೆಸರು ಹೇಳುತ್ತಾನೆ. ನನಗೆ ತಲೆಬುಡ ತಿಳಿಯುವುದಿಲ್ಲ. ಅವನೊಡನೆ ಮಾತಾಡಲು ನಾನು ಏನನ್ನು ತಿಳಿದಿರಬೇಕು?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮಾಸ್ತರರೇ, ನಿಮಗೆ ಬೇಕಾದ ಕೈಪಿಡಿ ನಿಮ್ಮ ಮನೆಯ ಗೋಡೆಯ ಮೇಲೆಯೇ ತೂಗುತ್ತಿದೆ. ಯೆಹೂದಿ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಹಿಡಿದು ನಡೆಯುತ್ತದೆ, ಋತು ತಪ್ಪದಿರಲೆಂದು ಅಧಿಕ ಮಾಸವನ್ನು ಸೇರಿಸುತ್ತದೆ. ನಮ್ಮಲ್ಲಿ ಅಧಿಕವಾಗುವ ತಿಂಗಳು ಬದಲಾಗುತ್ತದೆ. ಅವರಲ್ಲಿ ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಅದಾರ್ ಎಂಬ ತಿಂಗಳೇ ಎರಡಾಗುತ್ತದೆ. ಆದ್ದರಿಂದ ಬಹಳಷ್ಟು ವರ್ಷ ಎರಡೂ ಪಂಚಾಂಗಗಳು ಜೊತೆಜೊತೆಗೆ ಸಾಗುತ್ತವೆ.

ಅವರ ವರ್ಷಾರಂಭವಾದ ರೋಶ್ ಹಶಾನಾ ತಿಶ್ರಿ ತಿಂಗಳ ಪಾಡ್ಯ. ಸಾಮಾನ್ಯವಾಗಿ ನಮ್ಮ ನವರಾತ್ರಿಯ ಘಟಸ್ಥಾಪನೆಯ ಆಸುಪಾಸು. ತರಗತಿಯಲ್ಲಿ ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನಿಸುತ್ತಾರೆ, ಟಗರಿನ ಕೊಂಬಿನ ಶೋಫಾರ್ ಊದಿಸುತ್ತಾರೆ. ಅದರ ಉದ್ದನೆಯ ಕೊನೆಯ ನಾದ ಮುಗಿಯುವವರೆಗೆ ಮಕ್ಕಳು ತಾವೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಹತ್ತನೆಯ ದಿನ ಯೋಮ್ ಕಿಪ್ಪುರ್. 2024ರಲ್ಲೂ 2025ರಲ್ಲೂ ಅದು ನಮ್ಮ ವಿಜಯದಶಮಿಯ ದಿನವೇ ಬಂದಿತ್ತು. ಆದರೆ ಅದು ಉಪವಾಸದ, ಕ್ಷಮೆ ಬೇಡುವ ದಿನ. ಅಂದು ಮೊಮ್ಮಗನನ್ನು ‘ಏನು ಸಿಹಿ ಮಾಡಿದ್ದರು’ ಎಂದು ಕೇಳಿಬಿಟ್ಟೀರಿ. ಸಣ್ಣ ಮಕ್ಕಳಿಗೆ ಉಪವಾಸವಿಲ್ಲ. ಈ ವರ್ಷ ಯಾರ ಮನಸ್ಸು ನೋಯಿಸಿದೆ ಎಂದು ಯೋಚಿಸಿ ಅವರಲ್ಲಿಗೇ ಹೋಗಿ ಕ್ಷಮೆ ಕೇಳಬೇಕೆಂಬುದನ್ನು ಅವರಿಗೆ ಕಲಿಸುತ್ತಾರೆ.

ಅದರ ಐದು ದಿನಕ್ಕೆ ಬರುವ ಸುಕ್ಕೋತ್ ಹಬ್ಬವಂತೂ ಧಾರವಾಡದವರಿಗೆ ತೀರ ಹತ್ತಿರದ್ದು, ಅದು ಹೆಚ್ಚಾಗಿ ನಿಮ್ಮ ಶೀಗಿ ಹುಣ್ಣಿಮೆಯ ಚಂದ್ರನಡಿಯಲ್ಲೇ ಆರಂಭವಾಗುತ್ತದೆ. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಪರ್ಣಶಾಲೆಗಳ ಹಬ್ಬವೆಂಬ ಚಂದದ ಹೆಸರಿದೆ. ಈಜಿಪ್ಟ್ ಬಿಟ್ಟು ಬಂದವರು ಅರಣ್ಯದಲ್ಲಿ ಗುಡಿಸಲು ಹಾಕಿಕೊಂಡಿದ್ದರ ನೆನಪಿಗೆ ಅಂಗಳದಲ್ಲಿ ಚಪ್ಪರ ಕಟ್ಟುತ್ತಾರೆ. ಸುಗ್ಗಿಯ ಹಬ್ಬವೂ ಹೌದು. ಮೇಲಿನ ಸೊಪ್ಪುಸದೆಯ ಸಂದಿನಿಂದ ನಕ್ಷತ್ರ ಕಾಣುವಂತಿರಬೇಕೆಂಬುದು ಸಂಪ್ರದಾಯ. ಮಕ್ಕಳ ಕೈಗೆ ಖರ್ಜೂರದ ಮರದ ಎಳೆಗರಿಯನ್ನೂ ಎತ್ರೋಗ್ ಎಂಬ ಹಣ್ಣನ್ನೂ ಕೊಡುತ್ತಾರೆ. ಎತ್ರೋಗ್ ಎಂದರೆ ನಮ್ಮ ಮಾದಳದ ಹಣ್ಣು. ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ನೀವು ವಿಡಿಯೊದಲ್ಲಿ ತೋರಿಸಿದರೆ, ಆ ಹುಡುಗನ ತರಗತಿಯಲ್ಲಿ ಹೇಳಿಕೊಳ್ಳಲು ಅವನಿಗೆ ಬೇರೆ ಯಾರ ಬಳಿಯೂ ಇಲ್ಲದ ಸುದ್ದಿ ಸಿಕ್ಕಂತೆ.

ಚಳಿಗಾಲದ ಹನುಕ್ಕಾ ಎಂಟು ದಿನದ ದೀಪದ ಹಬ್ಬ; ಹೆಚ್ಚಿನ ವರ್ಷ ಅದರ ನಡುವೆಯೇ ನಿಮ್ಮ ಎಳ್ಳ ಅಮಾವಾಸ್ಯೆ ಬರುತ್ತದೆ. ಮಕ್ಕಳು ಡ್ರೈಡೆಲ್ ಎಂಬ ನಾಲ್ಕು ಮುಖದ, ಬೆರಳಿನಿಂದಲೇ ತಿರುವುವ ಬುಗುರಿಯನ್ನು ಆಡಿಸುತ್ತಾರೆ. ಅದರ ಮೇಲಿನ ನಾಲ್ಕು ಅಕ್ಷರಗಳು ‘ಅಲ್ಲೊಂದು ದೊಡ್ಡ ಪವಾಡ ನಡೆಯಿತು’ ಎಂಬ ಮಾತಿನ ಮೊದಲಕ್ಷರಗಳು. ಇಸ್ರೇಲಿನ ಬುಗುರಿಯಲ್ಲಿ ಮಾತ್ರ ‘ಅಲ್ಲಿ’ ಹೋಗಿ ‘ಇಲ್ಲಿ’ ಆಗುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ವೇಷ ಹಾಕಿ ಗದ್ದಲವೆಬ್ಬಿಸುವ ಪೂರಿಮ್, ದವನದ ಹುಣ್ಣಿಮೆಯ ಹೊತ್ತಿಗೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪೆಸಾಖ್, ಅಂದರೆ ಕನ್ನಡ ಬೈಬಲ್ಲಿನ ಪಸ್ಕ ಹಬ್ಬ. ಪೆಸಾಖ್‌ನ ಮೊದಲ ರಾತ್ರಿ, ಈ ರಾತ್ರಿ ಉಳಿದೆಲ್ಲ ರಾತ್ರಿಗಳಿಗಿಂತ ಏಕೆ ಬೇರೆ ಎಂಬ ಪ್ರಶ್ನೆಯನ್ನು ಮನೆಯ ಅತಿ ಕಿರಿಯ ಮಗುವೇ ಹೀಬ್ರೂವಿನಲ್ಲಿ ಹಾಡಿ ಕೇಳಬೇಕು. ಅದಕ್ಕಾಗಿ ಅವನು ವಾರಗಟ್ಟಲೆ ಅಭ್ಯಾಸ ಮಾಡುತ್ತಾನೆ. ಅವನ ಹಾಡನ್ನು ಮೊದಲು ಕೇಳುವವರು ನೀವಾಗಿ.

ಒಂದು ಸೂಚನೆ: ಅವರ ದಿನ ಸೂರ್ಯಾಸ್ತದಿಂದ ಆರಂಭವಾಗುತ್ತದೆ, ಹಬ್ಬವೂ ಹಿಂದಿನ ಸಂಜೆಯೇ ಶುರು. 2023ರಲ್ಲಿ ಅಧಿಕ ಶ್ರಾವಣ ಬಂದಂತೆ ನಮ್ಮಲ್ಲಿ ಅಧಿಕ ಮಾಸ ಬಂದ ವರ್ಷಗಳಲ್ಲಿ ಈ ಹೊಂದಾಣಿಕೆ ಒಂದು ತಿಂಗಳು ತಪ್ಪುವುದುಂಟು; ಪಂಚಾಂಗ ನೋಡುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಈಜಿಪ್ಟಿನ ಮೇಲೆ ಎರಗಿದ ಹತ್ತು ಪೀಡೆಗಳು, ಚೊಚ್ಚಲ ಮಕ್ಕಳ ಸಾವು ಇಂಥ ಕಥೆಗಳನ್ನು ಎಳೆಯರಿಗೆ ಹೇಗೆ ಹೇಳುತ್ತಾರೆ?
(ಶಿಶುವಿಹಾರದ ಶಿಕ್ಷಕಿ, ಮೈಸೂರು)

ಉತ್ತರ: ಬಹಳ ಕಡೆ ಕಪ್ಪೆಗಳಲ್ಲೇ ನಿಲ್ಲಿಸುತ್ತಾರೆ. ಪ್ಲಾಸ್ಟಿಕ್ ಕಪ್ಪೆಗಳನ್ನು ಮೇಜಿನ ಮೇಲೆ ಕುಣಿಸಿ, ಉಳಿದದ್ದನ್ನು ದೊಡ್ಡ ತರಗತಿಗೆ ಬಿಡುತ್ತಾರೆ. ಆದರೆ ಪರಂಪರೆಯಲ್ಲೇ ಒಂದು ಒಳ್ಳೆಯ ದಾರಿಯಿದೆ: ಪೆಸಾಖ್ ಊಟದಲ್ಲಿ ಒಂದೊಂದು ಪೀಡೆಯ ಹೆಸರು ಹೇಳುವಾಗಲೂ ಲೋಟದಿಂದ ಒಂದೊಂದು ಹನಿ ದ್ರಾಕ್ಷಾರಸವನ್ನು ತಟ್ಟೆಗೆ ಚೆಲ್ಲುತ್ತಾರೆ. ಶತ್ರುಗಳಾದರೂ ಅವರು ನೊಂದಾಗ ನಮ್ಮ ಸಂತೋಷದ ಲೋಟ ತುಂಬಿರಬಾರದೆಂದು ಅದಕ್ಕೆ ಅರ್ಥ ಹೇಳುವುದುಂಟು. ಐದು ವರ್ಷದ ಮಗುವಿಗೆ ಈ ಹತ್ತು ಹನಿಗಳು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ತಿಳಿಯುತ್ತವೆ.

ಪ್ರಶ್ನೆ: ನಮ್ಮ ದೇಶದ ಯೆಹೂದಿಗಳೂ ಮಕ್ಕಳಿಗೆ ಹೀಗೆಯೇ ಕಲಿಸುತ್ತಿದ್ದರೇ?
(ಓದುಗರು, ಬೆಳಗಾವಿ)

ಉತ್ತರ: ನಿಮ್ಮ ಊರಿಗೆ ದೂರವಲ್ಲದ ಕೊಂಕಣ ತೀರದ ಬೆನೆ ಇಸ್ರಾಯೇಲರ ಕಥೆ ತಿರುಗುಮುರುಗಾದದ್ದು. ಮರಾಠಿ ಮಾತಾಡುತ್ತ, ಗಾಣದ ಕೆಲಸ ಮಾಡುತ್ತ, ಯೆಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆಂದು ಕರೆಸಿಕೊಂಡ ಈ ಜನ ಶತಮಾನಗಳ ಕಾಲ ಹೀಬ್ರೂ ಓದು ಇಲ್ಲದೆಯೇ ತಮ್ಮ ಧರ್ಮವನ್ನು ಉಳಿಸಿಕೊಂಡಿದ್ದರು. ಶೆಮಾದ ಸಾಲು ಮಾತ್ರ ಬಾಯಿಯಿಂದ ಬಾಯಿಗೆ ಬಂದಿತ್ತು. ಹನುಕ್ಕಾ ಅವರಿಗೆ ಗೊತ್ತೇ ಇರಲಿಲ್ಲ. ಕೊಚ್ಚಿಯ ಯೆಹೂದಿಗಳ ಸಂಪರ್ಕ ಬೆಳೆದ ಮೇಲೆ, 1796ರಲ್ಲಿ ಮುಂಬೈಯಲ್ಲಿ ಅವರ ಮೊದಲ ಸಿನಗಾಗ್ ಎದ್ದ ಮೇಲೆ, ಕ್ರಮವಾದ ಪಾಠ ಬಲವಾಯಿತು. ಆದರೂ ಅವರ ಮಕ್ಕಳು ಮೊದಲು ಕಲಿಯುವ ಪಾಠ ಪುಸ್ತಕದ್ದಲ್ಲವೆಂದು ನನ್ನ ಭಾವನೆ. ಶುಭಕಾರ್ಯದ ಮನೆಯಲ್ಲಿ ಪ್ರವಾದಿ ಎಲಿಯಾಹುವನ್ನು ನೆನೆದು ‘ಮಲೀದಾ’ ಎಂಬ ಪ್ರಸಾದ ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಒಣಹಣ್ಣು ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು, ಹೀಬ್ರೂವಿನಲ್ಲಿ ಹಾಡಿ, ಒಂದೊಂದು ಹಣ್ಣಿಗೂ ಅದರದರ ಪ್ರಾರ್ಥನೆ ಹೇಳಿದ ಮೇಲೆಯೇ ತಟ್ಟೆಗೆ ಕೈಹಾಕಬೇಕು. ಅಷ್ಟು ಹೊತ್ತು ಅವಲಕ್ಕಿಯ ಮುಂದೆ ಕಾದು ಕುಳಿತ ಮಗುವಿಗೆ ಆ ಪ್ರಾರ್ಥನೆಗಳು ಬಾಯಿಪಾಠವಾಗದೆ ಇರುತ್ತವೆಯೇ?