ಆಟೊಪೈಲಟ್ ಇದ್ದ ಮೇಲೆ ಪೈಲಟ್ ಕೈಯಾರೆ ಹಾರಿಸುವುದು ಯಾಕೆ?

ಹರಿಹರ, ಜಗಳೂರು, ಹೊಸದುರ್ಗ, ಚಳ್ಳಕೆರೆ: ಪತ್ರ ಎಲ್ಲಿಂದ ಬಂದರೂ ಪ್ರಶ್ನೆ ಅದೇ. ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ. ಅದು ಸಾಲಲಿಲ್ಲ ಎಂದು ಕಾಣುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ವಿಮಾನ ಹೇಗೆ ಮೇಲೇರುತ್ತದೆ ಎಂಬುದನ್ನು ಮಾತ್ರ ಕೇಳಬೇಡಿ, ಅದು ಶಾಲೆಯ ಪಠ್ಯದಲ್ಲಿದೆ.

ಪ್ರಶ್ನೆ: ನನ್ನ ಸೋದರಳಿಯ ಪೈಲಟ್. ಎರಡು ಗಂಟೆಯ ಪ್ರಯಾಣದಲ್ಲಿ ತಾನು ಕೈಯಾರೆ ಹಾರಿಸುವುದು ಕೆಲವೇ ನಿಮಿಷ ಎನ್ನುತ್ತಾನೆ. ಅದನ್ನೂ ಯಂತ್ರಕ್ಕೇ ಬಿಟ್ಟರೆ ಹೆಚ್ಚು ಕ್ಷೇಮವಲ್ಲವೇ? (ವಿದ್ಯಾನಗರ, ದಾವಣಗೆರೆ)

ಉತ್ತರ: ಅಲ್ಲ. ಹುಡುಗ ಹೇಳಿದ್ದು ನಿಜ, ನೀವು ಮಾಡಿಕೊಂಡ ಅರ್ಥ ತಪ್ಪು.

1990ರ ಫೆಬ್ರುವರಿ 14. ಮಧ್ಯಾಹ್ನ ಒಂದು ಗಂಟೆಯ ಹೊತ್ತು, ತಿಳಿಯಾದ ಆಕಾಶ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ವಿಮಾನ ‘ಓಪನ್ ಡಿಸೆಂಟ್’ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಉಳಿಯುತ್ತವೆ. ಮೂತಿ ಎತ್ತ ಹಿಡಿಯಬೇಕೆಂದು ಇಬ್ಬರು ಪೈಲಟ್‌ಗಳ ಪರದೆಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್‌ಗಳು ಎರಡೂ ಆಫ್ ಆಗಿದ್ದರೆ ಯಂತ್ರ ತಾನಾಗಿ ವೇಗ ಕಾಯುವ ಮೋಡ್‌ಗೆ ಮರಳುತ್ತಿತ್ತು. ಒಂದು ಆಫ್ ಆಯಿತು, ಇನ್ನೊಂದು ಉಳಿಯಿತು. ವೇಗ ಕುಸಿಯುತ್ತಲೇ ಹೋಯಿತು. ಎಂಜಿನ್‌ಗೆ ಶಕ್ತಿ ಕೊಟ್ಟಾಗ ಹೊತ್ತು ಮೀರಿತ್ತು. ವಿಮಾನ ರನ್‌ವೇ ತಲುಪದೆ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ಯಾವ ಎಂಜಿನ್ನೂ ಕೆಟ್ಟಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬೋಯಿಂಗ್ ವಿಮಾನಗಳಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಾಟಲ್ ಆ ಶಕ್ತಿ ತಗ್ಗಿಸಿದರೆ ಎಂಜಿನ್ ಲಿವರ್ ನಿಮ್ಮ ಅಂಗೈ ಕೆಳಗೇ ಹಿಂದಕ್ಕೆ ಸರಿಯುತ್ತದೆ, ಕೈಗೆ ಗೊತ್ತಾಗುತ್ತದೆ. ಎ320ರಲ್ಲಿ ಲಿವರ್ ಒಂದೇ ಕಚ್ಚಿನಲ್ಲಿ ಕೂತಿರುತ್ತದೆ. ಎಂಜಿನ್ ಏರಿದರೂ ಇಳಿದರೂ ಅದು ಅಲುಗುವುದಿಲ್ಲ. ಅಲ್ಲಿ ವೇಗವನ್ನು ಕಾಯಬೇಕಾದದ್ದು ಕಣ್ಣು. ನಾನು ಹಾರಿಸುತ್ತಿದ್ದ ವರ್ಷಗಳಲ್ಲಿ ಪಕ್ಕದಲ್ಲಿ ಕೂತ ಪ್ರತಿ ಕಿರಿಯನಿಗೂ ಇದನ್ನು ಹೇಳಿದ್ದೇನೆ: ಗುಂಡಿ ಒತ್ತಿದರೆ ಕೆಲಸ ಮುಗಿಯಲಿಲ್ಲ, ಪರದೆಯ ಮೇಲ್ಭಾಗದಲ್ಲಿ ಯಾವ ಮೋಡ್ ಮೂಡಿತು ಎಂದು ಓದಿ ಗಟ್ಟಿಯಾಗಿ ಹೇಳು.

ಇನ್ನೊಂದು, 2009ರ ಜೂನ್ 1. ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447. ವೇಗ ಅಳೆಯುವ ಪಿಟೋ ನಳಿಗೆಗಳಲ್ಲಿ ಹಿಮ ಕಟ್ಟಿತು, ಆಟೊಪೈಲಟ್ ಕಳಚಿಕೊಂಡಿತು. ವೇಗದ ಅಂಕಿ ಕೆಟ್ಟದ್ದು ಒಂದು ನಿಮಿಷದೊಳಗಿನ ಮಾತು. ಮೂತಿಯನ್ನು ಇದ್ದ ಹಾಗೆ, ಎಂಜಿನ್ ಶಕ್ತಿಯನ್ನೂ ಇದ್ದ ಹಾಗೆ ಹಿಡಿದಿದ್ದರೆ ವಿಮಾನ ಹಾರುತ್ತಲೇ ಇರುತ್ತಿತ್ತು. ಗಾಬರಿಯಲ್ಲಿ ಮೂತಿ ಮೇಲೆತ್ತಿದರು, ಎತ್ತಿಯೇ ಹಿಡಿದರು. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತಿದೆ ಎನ್ನುವ ‘ಸ್ಟಾಲ್’ ಎಚ್ಚರಿಕೆ ಮತ್ತೆ ಮತ್ತೆ ಕೂಗಿತು. ಐದು ನಿಮಿಷದೊಳಗೆ 228 ಜನ ಅಟ್ಲಾಂಟಿಕ್ ಪಾಲಾದರು. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸುವ ಅಭ್ಯಾಸ ಅವರಿಗೆ ಇರಲಿಲ್ಲ.

ಯಂತ್ರ ಸೋತಾಗ ಉಳಿಯುವುದು ಕೈಯ ರೂಢಿ. ಆ ಕೆಲವು ನಿಮಿಷಗಳು ಅದಕ್ಕೇ ಬೇಕು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಏನು ಬರಲಿದೆ ಎಂಬ ಅಂದಾಜಿನಲ್ಲೇ ಕೂತಿರುತ್ತೇವೆ, ಆದ್ದರಿಂದ ಅದೊಂದೇ ಸಾಲದು.

ಹಾಗೆಂದು ‘ಕೈಯಲ್ಲಿ ಹಾರಿಸುವವನೇ ಗಂಡು’ ಎಂದು ಮೀಸೆ ತಿರುವುವವರನ್ನೂ ನಾನು ಒಪ್ಪುವುದಿಲ್ಲ. 29,000ದಿಂದ 41,000 ಅಡಿಯ ನಡುವೆ ವಿಮಾನಗಳು ಸಾವಿರ ಅಡಿ ಅಂತರದಲ್ಲಿ ಓಡಾಡುತ್ತವೆ. ಅಲ್ಲಿ ಎತ್ತರ ಕಾಯುವುದು ಆಟೊಪೈಲಟ್‌ನ ಕೆಲಸ. ದೆಹಲಿಯ ದಟ್ಟ ಮಂಜಿನಲ್ಲಿ ಇಳಿಸುವುದೂ ಅದೇ. ಆದರೆ ಅಡ್ಡಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟಿದರೆ ಎ320ರಲ್ಲಿ ಯಂತ್ರದ ಲ್ಯಾಂಡಿಂಗ್‌ಗೆ ಅನುಮತಿಯಿಲ್ಲ, ಪೈಲಟ್ಟೇ ಇಳಿಸಬೇಕು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಬಳಿ ಆಷಾಢದಲ್ಲಿ ನಿಂತವರಿಗೆ ಅಡ್ಡಗಾಳಿ ಎಂದರೇನೆಂದು ವಿವರಿಸಬೇಕಿಲ್ಲ.

ನಿಮ್ಮ ಸೋದರಳಿಯನಿಗೆ ಹೇಳಿ: ಕಂಪನಿಯ ನಿಯಮ ಒಪ್ಪಿದರೆ, ಹಗಲು, ತಿಳಿ ಆಕಾಶ, ದಟ್ಟಣೆ ಕಡಿಮೆ, ಇಬ್ಬರಿಗೂ ನಿದ್ದೆಯಾಗಿದೆ ಎಂದಾದಾಗ 10,000 ಅಡಿಯಿಂದ ಕೆಳಗೆ ಆಟೊಪೈಲಟ್ ಮತ್ತು ಆಟೊಥ್ರಸ್ಟ್ (ಆಟೊಥ್ರಾಟಲ್‌ಗೆ ಏರ್‌ಬಸ್‌ನ ಹೆಸರು) ಎರಡನ್ನೂ ತೆಗೆದು ಹಾರಿಸಲಿ. ಪಕ್ಕದವನಿಗೆ ಮೊದಲೇ ಹೇಳಿರಲಿ, ಏಕೆಂದರೆ ಅವನ ಕೆಲಸ ಇಮ್ಮಡಿಯಾಗುತ್ತದೆ. ಮಳೆ, ಮಂಜು, ರಾತ್ರಿಯ ನಾಲ್ಕನೆಯ ಹಾರಾಟ, ಇವುಗಳಲ್ಲಿ ಬೇಡ. ನಾನು ಎಂದೂ ಮಾಡಲಿಲ್ಲ, ಮಾಡಲು ಬಿಡಲೂ ಇಲ್ಲ.

ಪ್ರಶ್ನೆ: ಏರ್ ಪಾಕೆಟ್‌ಗೆ ಸಿಕ್ಕರೆ ವಿಮಾನ ಬಿದ್ದುಹೋಗುತ್ತದೆಯೇ? (ಹಿರಿಯೂರು)

ಉತ್ತರ: ಆಕಾಶದಲ್ಲಿ ಗಾಳಿಯಿಲ್ಲದ ಗುಂಡಿಗಳಿಲ್ಲ; ಅದು ಗಾಳಿಯ ಏರಿಳಿತ, ಬೆಲ್ಟ್ ಕಟ್ಟಿಕೊಂಡಿರಿ.

ಪ್ರಶ್ನೆ: ವಿಮಾನದಲ್ಲಿ ಕಿವಿನೋವು ಬಾರದಂತೆ ಒಬ್ಬರು ಎಣ್ಣೆ ಮಂತ್ರಿಸಿ ಕೊಡುತ್ತಾರೆ. ಹಾಕಬಹುದೇ? (ಜಗಳೂರು)

ಉತ್ತರ: ಬೇಡ. ಕಟ್ಟಿಕೊಳ್ಳುವುದು ಕಿವಿತಮಟೆಯ ಒಳಗಿನ ನಾಳ, ಹೊರಗೆ ಸುರಿದ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಇಂಥವರಿಗೆ ಕೊಡುವ ದುಡ್ಡನ್ನು ಕಿವಿ ವೈದ್ಯರಿಗೆ ಕೊಡಿ. ಕಡುಶೀತವಿದ್ದರೆ ಪ್ರಯಾಣ ಮುಂದೂಡಿ.

ಪ್ರಶ್ನೆ: ಆರು ತಿಂಗಳಲ್ಲಿ ಮಗನನ್ನು ಪೈಲಟ್ ಮಾಡಿಸುತ್ತೇನೆಂದು ಏಜೆಂಟರೊಬ್ಬರು ಮುಂಗಡ ಕೇಳಿದ್ದಾರೆ. ಹೊಲ ಅಡವಿಡಲೇ? (ಚಳ್ಳಕೆರೆ)

ಉತ್ತರ: ಇಡಬೇಡಿ! ವಾಣಿಜ್ಯ ಲೈಸೆನ್ಸ್‌ಗೆ 200 ಗಂಟೆಯ ಹಾರಾಟ ಮತ್ತು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು ಬೇಕು. ಆರು ತಿಂಗಳ ಮಾತು ಬರೀ ಬೊಗಳೆ. ಹುಡುಗ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು. ಯಾರಿಗೂ ಒಂದು ರೂಪಾಯಿ ಕೊಡುವ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೋಷ ಅಲ್ಲಿ ಮೊದಲೇ ಗೊತ್ತಾದರೆ ಹೊಲವಾದರೂ ಉಳಿಯುತ್ತದೆ.