ನಾಯಿಕೆಮ್ಮು, ಫ್ಲೂ ಬಂದು ಹೋಗಿದ್ದರೂ ಗರ್ಭಿಣಿಗೆ ಲಸಿಕೆ ಬೇಕೆ?

ನಿಮಗೀಗ ಏಳನೆಯ ತಿಂಗಳು, ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಿತ್ತು, ಕಳೆದ ತಿಂಗಳು ಫ್ಲೂ ಬಂದು ವಾಸಿಯಾಗಿದೆ, ಎರಡು ವರ್ಷದ ಹಿಂದಿನ ಬಸಿರಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿ (ಡಿಫ್ತೀರಿಯಾ) ತಡೆಯುವ ಟಿಡಿ ಚುಚ್ಚುಮದ್ದು ಎರಡೂ ಆಗಿವೆ. ಕಾಯಿಲೆ ಬಂದು ಹೋದ ಮೇಲೆ ಮೂರು ತಿಂಗಳು ಯಾವ ಲಸಿಕೆಯೂ ಬೇಡ ಎಂದು ಮನೆಯವರು ಹೇಳುತ್ತಿರುವುದು ಸರಿಯೇ ಎಂದು ಕೇಳಿದ್ದೀರಿ. ಉಪಕೇಂದ್ರವೊಂದರಲ್ಲಿ ಹಲವು ವರ್ಷ ಲಸಿಕೆ ಹಾಕಿದವಳಾಗಿ ಉತ್ತರಿಸುತ್ತಿದ್ದೇನೆ.

ಆ ಮೂರು ತಿಂಗಳ ಲೆಕ್ಕ ಕೋವಿಡ್ ಕಾಲದ್ದು. ಗುಣಮುಖರಾದವರು ಮೂರು ತಿಂಗಳ ನಂತರ ಕೋವಿಡ್ ಲಸಿಕೆ ಪಡೆಯಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ ತಿಂಗಳಲ್ಲಿ ತಿಳಿಸಿತ್ತು. ಜುಲೈನಲ್ಲಿ ಗರ್ಭಿಣಿಯರಿಗೂ ಅನುಮತಿ ಕೊಟ್ಟಾಗ, ಅದೇ ಬಸಿರಿನಲ್ಲಿ ಸೋಂಕು ತಗುಲಿದ್ದವರು ಹೆರಿಗೆಯಾದ ಮೇಲೆ ಹಾಕಿಸಿಕೊಳ್ಳಲಿ ಎಂದಿತ್ತು. ಆ ಮಾತು ಜನರ ಬಾಯಲ್ಲಿ ಉಳಿದು, ಸಂಬಂಧವಿಲ್ಲದ ಲಸಿಕೆಗಳಿಗೂ ಅಂಟಿಕೊಂಡಿದೆ.

ನಾಯಿಕೆಮ್ಮಿನ ವಿಷಯದಲ್ಲಿ ನಿಮ್ಮ ಹಳೆಯ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ಅದರಿಂದ ಬಂದ ರೋಗನಿರೋಧಕ ಶಕ್ತಿ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಅಲ್ಲದೆ ಇಲ್ಲಿ ಲಸಿಕೆ ಮುಖ್ಯವಾಗಿ ಕೂಸಿನ ಸಲುವಾಗಿ. ಮಗುವಿಗೆ ನಾಯಿಕೆಮ್ಮೂ ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್‌ನ ಮೊದಲ ಚುಚ್ಚುಮದ್ದು ಬೀಳುವುದು ಆರನೆಯ ವಾರಕ್ಕೆ. ಅಲ್ಲಿಯವರೆಗೆ ಅದನ್ನು ಕಾಯುವುದು ತಾಯಿಯ ರಕ್ತದಿಂದ ಮಾಸಿನ ಮೂಲಕ ಇಳಿದ ಪ್ರತಿಕಾಯಗಳೇ. ಆದ್ದರಿಂದ ಟಿಡಿಯ ಎರಡು ರೋಗಗಳ ಜೊತೆಗೆ ನಾಯಿಕೆಮ್ಮನ್ನೂ ತಡೆಯುವ ಟಿಡ್ಯಾಪ್ ಲಸಿಕೆಯನ್ನು ಪ್ರತಿ ಬಸಿರಿನಲ್ಲೂ 27ರಿಂದ 36ನೆಯ ವಾರದೊಳಗೆ ಕೊಡುವ ಸಲಹೆಯಿದೆ, ಮತ್ತು ನೀವೀಗ ಆ ಅವಧಿಯಲ್ಲೇ ಇದ್ದೀರಿ. ಇದು ಸಾಮಾನ್ಯವಾಗಿ ಖಾಸಗಿಯಲ್ಲಿ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾದ ಲಸಿಕೆ.

ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಸಿಗುವುದು ಟಿಡಿ. ತಾಯಿ ಕಾರ್ಡಿನಲ್ಲಿ ಟಿಡಿ-1, ಟಿಡಿ-2, ಬೂಸ್ಟರ್ ಎಂದು ಮೂರು ಜಾಗಗಳಿರುತ್ತವೆ. ಹಿಂದಿನ ಬಸಿರಿನ ಎರಡು ಡೋಸ್‌ಗಳು ಮೂರು ವರ್ಷದೊಳಗಿನವಾದ್ದರಿಂದ ನಿಮಗೆ ಬೂಸ್ಟರ್ ಒಂದೇ ಸಾಕು. ಅದು ಇನ್ನೂ ಆಗಿಲ್ಲದಿದ್ದರೆ ಅದರ ಬದಲು ಟಿಡ್ಯಾಪ್ ಹಾಕಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಆಗ ಹಳೆಯ ಕಾರ್ಡನ್ನೂ ಜೊತೆಗೆ ಒಯ್ಯಿರಿ. ಬಾಯಿಮಾತಿನ ತಾರೀಖು ನಂಬಿ ನಾನೇ ಒಮ್ಮೆ ತಪ್ಪು ಲೆಕ್ಕ ಹಾಕಿದ್ದುಂಟು.

ಫ್ಲೂ ವೈರಸ್‌ಗಳಲ್ಲಿ ಬಗೆಗಳು ಹಲವು, ಅವು ಬದಲಾಗುತ್ತಲೂ ಇರುತ್ತವೆ. ಒಮ್ಮೆ ಬಂದು ಹೋದದ್ದು ಎಲ್ಲಕ್ಕೂ ರಕ್ಷೆಯಾಗದು. ಜ್ವರ ಪೂರ್ತಿ ಇಳಿದಿದ್ದರೆ ಚುಚ್ಚುಮದ್ದಿನ ರೂಪದ ಫ್ಲೂ ಲಸಿಕೆಗೆ ಅಡ್ಡಿಯಿಲ್ಲ. ಬಸಿರಿನಲ್ಲಿ ಕೊಡದಿರುವುದು ಜೀವಂತ ವೈರಸ್ ಇರುವ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವಂಥದ್ದು) ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು. ಬೇಕಿದ್ದರೆ ಹೆರಿಗೆಯ ನಂತರ, ಎದೆಹಾಲು ಕುಡಿಸುತ್ತಿರುವಾಗಲೂ ಅವನ್ನು ಹಾಕಿಸಿಕೊಳ್ಳಬಹುದು.